ಕಾಣದ ಸವಕಳಿ: ಕಾರ್ಬನ್ ದೋಟಿ ಹಾಗೂ ವಿಮಾನ ವಿಜ್ಞಾನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದ ವ್ಯಾಪಾರ ವಹಿವಾಟಿನಲ್ಲಿ ಅಡಿಕೆಗೆ ಹಿರಿಯ ಸ್ಥಾನವಿದೆ. ಮರ ಹತ್ತುವ ಕೊನೆಗಾರರ ಕೊರತೆ ಹೆಚ್ಚಿದಂತೆ, ನೆಲದಲ್ಲಿ ನಿಂತೇ ಕೊನೆ ಇಳಿಸಲು ಮತ್ತು ಔಷಧಿ ಸಿಂಪಡಿಸಲು ನೆರವಾಗುವ ಕಾರ್ಬನ್ ಫೈಬರ್ ದೋಟಿಗಳು ಮಲೆನಾಡಿನ ತೋಟಗಳಿಗೆ ಬಂದಿವೆ. ಇವುಗಳ ಮಾರಾಟ ಹಾಗೂ ಬಾಡಿಗೆ ವ್ಯವಹಾರ ನಡೆಸುವವರು ಎದುರಿಸಬೇಕಾದ ಪ್ರಶ್ನೆಯೊಂದಿದೆ: ಬಳಸಿದ ದೋಟಿಯಲ್ಲಿ ಉಳಿದಿರುವ ಶಕ್ತಿ ಎಷ್ಟು?

ಕಬ್ಬಿಣದ ಕೊಳವೆಗೆ ಪೆಟ್ಟು ಬಿದ್ದರೆ ತಗ್ಗು ಕಾಣಿಸುತ್ತದೆ. ಕಾರ್ಬನ್ ಕೊಳವೆಯ ಸ್ವಭಾವ ಬೇರೆ. ಕೂದಲಿಗಿಂತ ತೆಳುವಾದ ಇಂಗಾಲದ ಎಳೆಗಳನ್ನು ಪದರ ಪದರವಾಗಿ ರಾಳದಿಂದ ಬೆಸೆದು ಇದನ್ನು ತಯಾರಿಸಲಾಗುತ್ತದೆ. ದೋಟಿ ಕಲ್ಲಿನ ಮೇಲೆ ಬಿದ್ದಾಗ ಹೊರಮೈ ನುಣುಪಾಗಿಯೇ ಉಳಿದು, ಒಳಗೆ ರಾಳ ಬಿರುಕುಬಿಟ್ಟು ಪದರಗಳು ಬೇರ್ಪಡಬಹುದು. ಮುಂದೊಮ್ಮೆ ದೋಟಿ ಬಾಗಿದಾಗ, ಒತ್ತಡಕ್ಕೆ ಸಿಕ್ಕ ಆ ಭಾಗ ಹಠಾತ್ತನೆ ಕುಸಿಯುತ್ತದೆ.

ವಿಮಾನ ತಯಾರಕರ ಚಿಂತೆಯೂ ಇದೇ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಪ್ರಥಮ ಹಾರಾಟ ನಡೆಸಿದ ತೇಜಸ್ ವಿಮಾನದ ರೆಕ್ಕೆಗಳಲ್ಲಿಯೂ ಬಾಲದ ಭಾಗದಲ್ಲಿಯೂ ಇಂತಹ ವಸ್ತುವೇ ಇದೆ. ಬಾಲದ ಲಂಬ ರೆಕ್ಕೆಯನ್ನು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಅಭಿವೃದ್ಧಿಪಡಿಸಿತು. ಪ್ರತಿಯೊಂದು ಭಾಗವನ್ನೂ ಮುರಿದು ಪರೀಕ್ಷಿಸುವುದು ಅಸಾಧ್ಯವಾದುದರಿಂದ ಹಾನಿಯನ್ನು ಗಣಿತದ ಮೂಲಕ ಅಂದಾಜಿಸುವ ವಿಧಾನ ಬೆಳೆಯಿತು.

1958ರಲ್ಲಿ ಸೋವಿಯತ್ ವಿಜ್ಞಾನಿ ಕಚನೋವ್ ಅವರು ಲೋಹಗಳ ಒಳಹಾನಿಯನ್ನು ಅಳೆಯಬಹುದಾದ ಪ್ರಮಾಣವಾಗಿ ಸಮೀಕರಣಕ್ಕೆ ತಂದರು. ಇಂದಿನ ರೂಢಿಯಲ್ಲಿ 0 ಎಂದರೆ ಹಾನಿಯಿಲ್ಲ, 1 ಎಂದರೆ ಶಕ್ತಿಯೆಲ್ಲ ನಷ್ಟ. ಆದರೆ ಪದರಗಳುಳ್ಳ ವಸ್ತುವಿಗೆ ಒಂದೇ ಅಂಕಿ ಸಾಲದು. ಬಿರುಕಿನ ದಿಕ್ಕೂ ಮುಖ್ಯ. ಮುಂದೆ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ವೈಮಾಂತರಿಕ್ಷ ಎಂಜಿನಿಯರಿಂಗ್ ಪ್ರಾಧ್ಯಾಪಕರಾದ ರಮೇಶ್ ತಲ್ರೇಜಾ ಅವರು 1985ರ ಪ್ರಬಂಧದಲ್ಲಿ ದಿಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಬಿರುಕುಗಳಿಂದ ವಸ್ತುವಿನ ಬಿಗಿತ ಹೇಗೆ ಕುಗ್ಗುತ್ತದೆಂಬುದನ್ನು ನಿರೂಪಿಸಿದರು.

ವರ್ತಕರಿಗೆ ಇದು ಸವಕಳಿಯ ವಿಚಾರವೇ ಆಗಿದೆ. ಆದರೆ ಲೆಕ್ಕಪುಸ್ತಕದ ಸವಕಳಿ ವರ್ಷಗಳನ್ನು ಎಣಿಸುತ್ತದೆ. ವಸ್ತುವಿನ ಸವಕಳಿ ಪೆಟ್ಟುಗಳನ್ನು ಎಣಿಸುತ್ತದೆ. ನಾಲ್ಕು ವರ್ಷ ಜೋಪಾನವಾಗಿ ಬಳಸಿದ ದೋಟಿ ಗಟ್ಟಿಯಾಗಿರಬಹುದು. ಕಳೆದ ವಾರ ಕೊಂಡು ಬೀಳಿಸಿದ ದೋಟಿ ಅಪಾಯಕಾರಿಯಾಗಿರಬಹುದು. ಪುಸ್ತಕದಲ್ಲಿ ಎರಡನೆಯದರ ಬೆಲೆಯೇ ಹೆಚ್ಚು.

ಆದುದರಿಂದ ಬಾಡಿಗೆಗೆ ಕೊಡುವವರು ಪ್ರತಿ ದೋಟಿಗೂ ಕ್ರಮಸಂಖ್ಯೆ ನೀಡಿ, ಬಿದ್ದ ಹಾಗೂ ದುರಸ್ತಿಯಾದ ವಿವರವನ್ನು ಬರೆದಿಡುವುದು ಲೇಸು. ವಿಮಾನ ನಿರ್ವಹಣೆಯಲ್ಲಿಯೂ ಬಳಕೆಯಲ್ಲಿರುವ ಸರಳ ಪರೀಕ್ಷೆಯೊಂದಿದೆ: ನಾಣ್ಯದಿಂದ ಮೈಯುದ್ದಕ್ಕೂ ಮೆಲ್ಲಗೆ ತಟ್ಟಿದಾಗ ಒಂದೆಡೆ ಮಾತ್ರ ಮಂಕು ಸದ್ದು ಬಂದರೆ ಪದರ ಬಿಟ್ಟಿರುವ ಸಂಶಯವುಂಟು. ಸದ್ದು ಸರಿಯಿದ್ದ ಮಾತ್ರಕ್ಕೆ ದೋಟಿ ಸುರಕ್ಷಿತವೆಂದು ಹೇಳಲಾಗದು. ಸಂಶಯ ಬಂದುದನ್ನು ಮಾತ್ರ ಕೂಡಲೇ ಬಳಕೆಯಿಂದ ತೆಗೆಯಬೇಕು. ಕಾರ್ಬನ್ ವಿದ್ಯುದ್ವಾಹಕವೂ ಆದುದರಿಂದ, ತಂತಿಯ ಸಮೀಪ ದೋಟಿ ಎತ್ತಬಾರದೆಂಬ ಎಚ್ಚರಿಕೆಯನ್ನು ಗ್ರಾಹಕರಿಗೆ ತಿಳಿಸುವುದು ಮಾರಾಟಗಾರರ ಕರ್ತವ್ಯ. ದೋಟಿ ಮುರಿದರೆ ಮಾಲೀಕನಿಗೆ ಹಣದ ನಷ್ಟ. ಅದರ ಕೆಳಗೆ ನಿಂತ ಕಾರ್ಮಿಕನಿಗೆ ಜೀವಾಪಾಯ.