ಗುಮ್ಮನಲ್ಲ, ಗೆಳೆಯ
ಅಪರಾಧ ತಡೆಯುವ ಕಾರ್ಯದಲ್ಲಿ ಪೋಲೀಸರೊಡನೆ ಕಿರಿಯರು

ಊಟಕ್ಕೆ ಹಟ ಹಿಡಿದ ಮಗುವನ್ನು ಹೆದರಿಸಲು ಅನೇಕ ಮನೆಗಳಲ್ಲಿ ಎರಡು ಅಸ್ತ್ರಗಳುಂಟು. ಒಂದು ಗುಮ್ಮ, ಇನ್ನೊಂದು ಪೋಲೀಸು. ಗುಮ್ಮನೆಂಬುವನಿಲ್ಲವೆಂಬ ಸತ್ಯ ಕೆಲವೇ ವರ್ಷಗಳಲ್ಲಿ ಮಗುವಿಗೆ ತಿಳಿದುಹೋಗುತ್ತದೆ. ಪೋಲೀಸಿನವನ ಭಯ ಮಾತ್ರ ಮಗುವಿನೊಡನೆಯೇ ಬೆಳೆಯುತ್ತದೆ. ಇದರ ಫಲ ಸಾಮಾನ್ಯವಾದುದಲ್ಲ. ಬೀದಿಯಲ್ಲಿ ಯಾರಾದರೂ ಕಿರುಕುಳ ಕೊಟ್ಟರೂ, ಶಾಲೆಯ ಆಸುಪಾಸಿನಲ್ಲಿ ಮಾದಕ ವಸ್ತುವಿನ ಆಮಿಷ ಎದುರಾದರೂ, ನೆರವು ಬೇಡಿ ಠಾಣೆಯ ಮೆಟ್ಟಿಲು ಹತ್ತಲು ಹದಿಹರೆಯದವರಿಗೆ ಧೈರ್ಯ ಸಾಲುವುದಿಲ್ಲ. ರಕ್ಷಣೆ ಯಾರಿಗೆ ಅತ್ಯಗತ್ಯವೋ ಅವರೇ ರಕ್ಷಕರಿಂದ ದೂರ ಉಳಿಯುತ್ತಾರೆ.

ಈ ಅಂತರಕ್ಕೆ ಇತಿಹಾಸದ ಕಾರಣವೂ ಉಂಟು. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ ಮಹಾನಗರದ ಪೋಲೀಸ್ ಪಡೆಯನ್ನು ಸ್ಥಾಪಿಸಿದಾಗ, ಅಪರಾಧ ನಡೆಯದಂತೆ ತಡೆಯುವುದೇ ಅದರ ಪ್ರಧಾನ ಗುರಿಯೆಂದು ಸಿಬ್ಬಂದಿಗೆ ವಿಧಿಸಲಾಗಿತ್ತು. ಭಾರತದ ಮಾತು ಬೇರೆ. 1857ರ ದಂಗೆಯ ಬಳಿಕ, 1861ರ ಪೋಲೀಸ್ ಕಾಯಿದೆಯಿಂದ ರೂಪುಗೊಂಡ ವ್ಯವಸ್ಥೆಗೆ ಜನರ ವಿಶ್ವಾಸಕ್ಕಿಂತ ಆಳುವವರ ಭದ್ರತೆಯೇ ಹೆಚ್ಚಿನದಾಗಿತ್ತು. ಪರರ ಆಳ್ವಿಕೆ 1947ರಲ್ಲಿ ಕೊನೆಗೊಂಡಿತು. ಲಾಠಿಯ ಭಯ ಅಷ್ಟು ಬೇಗ ಕೊನೆಗೊಳ್ಳಲಿಲ್ಲ.

ಆಟದ ಬೀದಿಗಳು

ಪೋಲೀಸರೂ ಮಕ್ಕಳೂ ಒಂದಾಗಬೇಕೆಂಬ ವಿಚಾರ ಹೊಸದೇನಲ್ಲ. 1914ರಲ್ಲಿ ನ್ಯೂಯಾರ್ಕ್ ನಗರದ ಪೋಲೀಸ್ ಕಮೀಷನರಾದ ಆರ್ಥರ್ ವುಡ್ಸ್ ಬಡವರ ಕೇರಿಗಳತ್ತ ಕಣ್ಣು ಹಾಯಿಸಿದರು. ಒತ್ತೊತ್ತಾಗಿ ಕಟ್ಟಿದ ಮನೆಗಳ ನಡುವೆ ಮಕ್ಕಳಿಗೆ ಆಡಲು ಬೀದಿಯ ಹೊರತು ಬೇರೆ ಸ್ಥಳವಿರಲಿಲ್ಲ. ಬೀದಿಯಲ್ಲಿ ಚೆಂಡಾಡಿದರೆ ಅದೇ ತಪ್ಪೆನಿಸಿ ಪೋಲೀಸರ ಕೈಗೆ ಸಿಕ್ಕಿಬೀಳುತ್ತಿದ್ದರು. ವುಡ್ಸ್ ಅವರ ಕಾಲದಲ್ಲಿ ಕೆಲವು ಬೀದಿಗಳನ್ನು ದಿನದ ಗೊತ್ತಾದ ಹೊತ್ತಿನಲ್ಲಿ ವಾಹನಗಳಿಗೆ ಮುಚ್ಚಿ, ಮಕ್ಕಳ ಆಟಕ್ಕೆ ಬಿಟ್ಟುಕೊಡಲಾಯಿತು. ಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ ಪೋಲೀಸರೇ ಅವರ ಆಟಕ್ಕೆ ದಾರಿ ಬಿಡಿಸಿಕೊಟ್ಟರು. ಕೆಟ್ಟ ಸಹವಾಸಕ್ಕೆ ಎಡೆ ದೊರೆಯುವುದು ಬಿಡುವಿನ ವೇಳೆಯಲ್ಲಿ. ಆ ವೇಳೆಯನ್ನು ಒಳಿತಿಗೆ ತಿರುಗಿಸಿದರೆ ಅಪರಾಧದ ಬೇರೇ ಸಡಿಲವಾಗುತ್ತದೆ ಎಂಬ ತಿಳಿವಳಿಕೆ ಈ ಏರ್ಪಾಟಿನ ಹಿಂದಿತ್ತು.

ಕೇರಳದ ಪ್ರಯೋಗ

ಭಾರತದಲ್ಲಿ ಈ ವಿಚಾರಕ್ಕೆ ಗಟ್ಟಿಯಾದ ಆಕಾರ ದೊರೆತುದು ನೆರೆಯ ಕೇರಳದಲ್ಲಿ. ಅಲ್ಲಿ 2008ರಲ್ಲಿ ಆರಂಭವಾದ 'ಜನಮೈತ್ರಿ' ಯೋಜನೆಯಿಂದ ಗಸ್ತಿನ ಪೋಲೀಸರು ತಮ್ಮ ವ್ಯಾಪ್ತಿಯ ಮನೆಮನೆಗೂ ಹೋಗಿ ನಿವಾಸಿಗಳ ಪರಿಚಯ ಮಾಡಿಕೊಳ್ಳುವ ಪದ್ಧತಿ ಬಂದಿತು. ಇದರ ಬೆನ್ನಿಗೆ, 2010ರ ಆಗಸ್ಟ್ 2ರಂದು 'ಸ್ಟೂಡೆಂಟ್ ಪೋಲೀಸ್ ಕೆಡೆಟ್' ಯೋಜನೆ ಉದಯಿಸಿತು. ಇದರ ರೂಪಣೆಯಲ್ಲಿ ಪೋಲೀಸ್ ಅಧಿಕಾರಿ ಪಿ. ವಿಜಯನ್ ಅವರ ಪಾತ್ರ ಹಿರಿದು. ಮೊದಲ ವರ್ಷ 127 ಶಾಲೆಗಳು, ಶಾಲೆಯೊಂದಕ್ಕೆ 88 ಮಕ್ಕಳಂತೆ ಒಟ್ಟು 11,176 ವಿದ್ಯಾರ್ಥಿಗಳು ಇದರಲ್ಲಿ ಸೇರಿದರು. ಹುಡುಗರಷ್ಟೇ ಅಲ್ಲ, ಹುಡುಗಿಯರೂ ಖಾಕಿ ತೊಟ್ಟರು.

ಯೋಜನೆಯ ಹೊಣೆಯನ್ನು ಗೃಹ ಇಲಾಖೆಯೂ ಶಿಕ್ಷಣ ಇಲಾಖೆಯೂ ಹಂಚಿಕೊಂಡವು. ಕವಾಯತು ಕಲಿಸುವವರು ಪೋಲೀಸರಾದರೆ, ಮಕ್ಕಳ ದೈನಂದಿನ ಉಸ್ತುವಾರಿಗೆ ಅದೇ ಶಾಲೆಯ ಉಪಾಧ್ಯಾಯರಿಗೇ ತರಬೇತು ಕೊಡಲಾಗುತ್ತದೆ. ಎರಡು ವರ್ಷಗಳ ಈ ಶಿಕ್ಷಣದಲ್ಲಿ ವ್ಯಾಯಾಮ, ಕಾನೂನಿನ ಪ್ರಥಮ ಪಾಠ, ರಸ್ತೆ ಸುರಕ್ಷತೆ, ಸಸಿ ನೆಡುವುದು, ಮಾದಕ ವಸ್ತುಗಳ ವಿರುದ್ಧ ತಿಳಿವಳಿಕೆ, ರಜಾದಿನಗಳ ಶಿಬಿರ ಇವೆಲ್ಲ ಸೇರಿವೆ. ಠಾಣೆಯ ಒಳಗೆ ಏನು ನಡೆಯುತ್ತದೆಂಬುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ. ದೂರು ಬರೆದುಕೊಳ್ಳುವ ಬಗೆ ಹೇಗೆ, ಅಧಿಕಾರಿಗಿರುವ ಅಧಿಕಾರವೆಷ್ಟು, ಅದರ ಮಿತಿಯೆಲ್ಲಿ ಎಂಬುದನ್ನು ಅರಿತ ಮಗುವಿಗೆ ಠಾಣೆ ಕತ್ತಲೆಯ ಗುಹೆಯಾಗಿ ತೋರುವುದಿಲ್ಲ.

2018ರ ಜುಲೈ 21ರಂದು ಗುರುಗ್ರಾಮದಲ್ಲಿ ಅಂದಿನ ಕೇಂದ್ರ ಗೃಹಸಚಿವ ರಾಜನಾಥ್ ಸಿಂಗ್ ಅವರು ಈ ಯೋಜನೆಯನ್ನು ರಾಷ್ಟ್ರವ್ಯಾಪಿಯಾಗಿ ಆರಂಭಿಸಿದರು. 8 ಮತ್ತು 9ನೆಯ ತರಗತಿಗಳ ವಿದ್ಯಾರ್ಥಿಗಳೇ ಇದರ ಗುರಿ. ನಿಗದಿಯಾದ ಪಠ್ಯಪುಸ್ತಕವಿಲ್ಲ, ಪರೀಕ್ಷೆಯ ಕಾಟವಿಲ್ಲ. ಅಪರಾಧ ತಡೆ, ಸ್ತ್ರೀಯರ ಹಾಗೂ ಮಕ್ಕಳ ಸುರಕ್ಷತೆ, ವಿಪತ್ತಿನಲ್ಲಿ ನೆರವು ಮೊದಲಾದ ವಿಷಯಗಳ ಜೊತೆಗೆ ತಾಳ್ಮೆ, ಸಹಾನುಭೂತಿ, ಪರರ ಅಭಿಪ್ರಾಯಗಳನ್ನು ಗೌರವಿಸುವ ಗುಣಗಳಿಗೂ ಅದರಲ್ಲಿ ಎಡೆಯುಂಟು. ಕರ್ನಾಟಕದ ಶಾಲೆಗಳಲ್ಲಿಯೂ ಈ ಯೋಜನೆ ಕಾಲಿಟ್ಟಿತು.

ಎಚ್ಚರದ ಗೆರೆ

ಹೀಗಿದ್ದರೂ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಅಳುಕು ಏಳುವುದು ಸಹಜ. ಮಗ ನೆರೆಹೊರೆಯ ಪುಂಡರ ಕಣ್ಣಿಗೆ ಗುರಿಯಾದರೆ? ಮಗಳನ್ನು ಗುಪ್ತಚಾರಳಂತೆ ಬಳಸಿಕೊಂಡರೆ? ಈ ಅಳುಕು ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. ಅಪರಾಧಿಯನ್ನು ಬೆನ್ನಟ್ಟುವುದು ಸಂಬಳ ಪಡೆಯುವ ಪೋಲೀಸರ ಕೆಲಸ, ಹದಿಮೂರರ ಹುಡುಗನದಲ್ಲ. ಕಂಡುದನ್ನು ಹಿರಿಯರಿಗೆ ಹೇಳುವುದು, ತಾನು ಜಾಗರೂಕನಾಗಿರುವುದು, ದಾರಿ ತಪ್ಪುತ್ತಿರುವ ಗೆಳೆಯನ ಕೈ ಹಿಡಿದೆಳೆಯುವುದು, ಇಷ್ಟೇ ಅವನ ಪಾಲಿನ ಕರ್ತವ್ಯ. ಈ ಗೆರೆ ದಾಟಿದ ದಿನ ಗೆಳೆತನದ ಹೆಸರಿನಲ್ಲಿ ಅನ್ಯಾಯ ನಡೆದಂತಾಗುತ್ತದೆ.

ದಾರಿ ತಪ್ಪಿದ ಮಗುವಿನ ವಿಷಯದಲ್ಲಿಯೂ ಕಾನೂನು ಕರುಣೆಯನ್ನು ಮರೆತಿಲ್ಲ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅಂತಹ ಮಗುವನ್ನು ಠಾಣೆಯ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡುವಂತಿಲ್ಲ. ಪ್ರತಿ ಠಾಣೆಯಲ್ಲಿಯೂ ಮಕ್ಕಳ ಕಲ್ಯಾಣದ ಹೊಣೆ ಹೊತ್ತ ಪೋಲೀಸ್ ಅಧಿಕಾರಿಯೊಬ್ಬರಿರಬೇಕು. ಈ ಅಧಿಕಾರಿ ಯಾರೆಂಬುದನ್ನು ವಿಚಾರಿಸಿ ತಿಳಿದುಕೊಳ್ಳುವುದು ಗೃಹಸ್ಥರಿಗೆ ಕಷ್ಟವೇನಲ್ಲ.

ಕೊನೆಗೆ ಪರೀಕ್ಷೆ ನಡೆಯುವುದು ಮಕ್ಕಳದಲ್ಲ, ಹಿರಿಯರದು. ಶಾಲೆಯ ಅಂಗಳದಲ್ಲಿ ಮುಗುಳ್ನಗುವ ಅಧಿಕಾರಿ ಠಾಣೆಯಲ್ಲಿ ಬಡವನೊಬ್ಬನನ್ನು ಗದರಿಸಿ ಅಟ್ಟಿದರೆ, ಖಾಕಿ ತೊಟ್ಟ ಹುಡುಗಿ ಅದನ್ನು ಕಂಡೇ ಕಾಣುತ್ತಾಳೆ. ಎರಡು ವರ್ಷದ ಪಾಠ ಆ ಒಂದು ಗಳಿಗೆಯಲ್ಲಿ ಅಳಿಸಿಹೋಗಬಹುದು. ಕಿರಿಯರಿಗೆ ಶಿಸ್ತು ಕಲಿಸಹೊರಟವರು ಅವರ ನೋಟಕ್ಕೆ ತಕ್ಕಂತೆ ನಡೆಯಬೇಕಾಗುತ್ತದೆ. ಅಪರಾಧವನ್ನು ಕಡಮೆ ಮಾಡುವುದರಲ್ಲಿ ಬೀಗಕ್ಕೂ ಲಾಠಿಗೂ ಇರುವ ಶಕ್ತಿ ಅಲ್ಪವೇ. ಹೆದರದೆ ಬಂದು ಸತ್ಯ ಹೇಳುವ ಮಗುವೂ, ಅದನ್ನು ತಾಳ್ಮೆಯಿಂದ ಕೇಳುವ ಅಧಿಕಾರಿಯೂ ಇರುವ ಬಡಾವಣೆಗೆ ಅದಕ್ಕಿಂತ ಗಟ್ಟಿಯಾದ ಕಾವಲು ಬೇರೆ ಬೇಕಿಲ್ಲ.