ಮರಣಸ್ಥಳದ ಲಿಖಿತ ಸಾಕ್ಷ್ಯ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗಿದೆ. ಮಳೆ ವಿರಳವಾಗಿ, ಬಂಡೆಬೆಟ್ಟಗಳ ನಡುನಡುವೆ ತೆರೆದ ಬಾವಿಗಳೂ ಕೃಷಿಹೊಂಡಗಳೂ ಹರಡಿಕೊಂಡಿರುವ ಈ ಸೀಮೆಯ ಯಾವುದೇ ಗ್ರಾಮದಲ್ಲಿ, ನೇಣಿನಿಂದಲೋ ನೀರಿನಿಂದಲೋ ವಿಷದಿಂದಲೋ ಯಾರಾದರೂ ಮೃತಪಟ್ಟರೆಂಬ ವರ್ತಮಾನ ಠಾಣೆಗೆ ಮುಟ್ಟಿದೊಡನೆ, ಅಧಿಕಾರಿಯು ಸ್ಥಳಕ್ಕೆ ಹೋಗಿ, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮದಲ್ಲಿ ಶವಪಂಚನಾಮೆ ನಡೆಸತಕ್ಕದ್ದು. 1898ರ ಮತ್ತು 1973ರ ದಂಡಪ್ರಕ್ರಿಯಾ ಸಂಹಿತೆಗಳೆರಡರಲ್ಲಿಯೂ 174ನೆಯ ಪ್ರಕರಣವಾಗಿದ್ದ ಈ ವಿಧಿಯು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 194ನೆಯದಾಗಿದೆ. ವರದಿಯನ್ನು 24 ಗಂಟೆಗಳೊಳಗೆ ದಂಡಾಧಿಕಾರಿಗೆ ಕಳುಹಬೇಕು. ವಿವಾಹವಾದ 7 ವರ್ಷಗಳೊಳಗೆ ಸ್ತ್ರೀಯು ಸಂಶಯಾಸ್ಪದವಾಗಿ ಮೃತಳಾದಲ್ಲಿ ಪಂಚನಾಮೆಗೆ ಸಾಮಾನ್ಯವಾಗಿ ತಹಶೀಲ್ದಾರರೇ ಬರುತ್ತಾರೆ.

ಶವಾಗಾರದಲ್ಲಿ ವೈದ್ಯರು ದೇಹದ ಒಳಹೊರಗನ್ನೆಲ್ಲ ಪರೀಕ್ಷಿಸಬಲ್ಲರಷ್ಟೆ. ಆದರೆ ದೇಹವು ಯಾವ ಭಂಗಿಯಲ್ಲಿತ್ತು, ಪಾದಗಳು ನೆಲದಿಂದ ಎಷ್ಟು ಮೇಲಿದ್ದವು, ರಕ್ತ ಯಾವ ದಿಕ್ಕಿಗೆ ಹರಿದಿತ್ತು, ಬಳಿಯಲ್ಲಿದ್ದ ಕೀಟನಾಶಕದ ಸೀಸೆಯಲ್ಲಿ ಎಷ್ಟು ಉಳಿದಿತ್ತು ಎಂಬುದನ್ನು, ಸ್ಥಳದಲ್ಲಿ ಬರೆದಿಡದಿದ್ದರೆ, ಎಂಥ ನಿಪುಣರೂ ಆಮೇಲೆ ಹೇಳಲಾರರು.

ದೇಹವು ತಾನೇ ಕೊಡುವ ಕುರುಹುಗಳೂ ಕಾಲಕ್ರಮದಲ್ಲಿ ಮಾರ್ಪಡುತ್ತವೆ. ಪ್ರಾಣ ಹೋದ ತರುವಾಯ ರಕ್ತವು ತಗ್ಗಿನ ಭಾಗಕ್ಕಿಳಿದು ಚರ್ಮದ ಮೇಲೆ ನೇರಿಳೆ ಛಾಯೆ ಮೂಡಿಸುವುದು. ಸುಮಾರು 6ರಿಂದ 12 ಗಂಟೆಗಳಲ್ಲಿ ಅದು ಸ್ಥಿರವಾಗುವುದು. ಬೋರಲಾಗಿ ಬಿದ್ದಿರುವ ದೇಹದ ಬೆನ್ನಿನಲ್ಲಿ ಅಂಥ ಸ್ಥಿರಛಾಯೆ ಕಂಡರೆ, ಮರಣಾನಂತರ ಯಾರೋ ಅದನ್ನು ಹೊರಳಿಸಿರಬೇಕು, ಇಲ್ಲವೇ ಬೇರೆಡೆಯಿಂದ ತಂದಿರಬೇಕು. ಸೆಡೆತವು ಕಣ್ಣೆವೆ, ದವಡೆಗಳಲ್ಲಿ ಮೊದಲು ತೋರಿ, ಸುಮಾರು 12 ಗಂಟೆಗಳಲ್ಲಿ ಸರ್ವಾಂಗವನ್ನೂ ವ್ಯಾಪಿಸುವುದು. ಬಿಸಿಲು ಹೆಚ್ಚಿದಷ್ಟೂ ಅದು ಬೇಗ ಬಂದು ಬೇಗ ಸಡಿಲುವುದು. ಪಾವಗಡದ ಬೇಸಿಗೆಯಲ್ಲಿ ಗಾಳಿಯ ಶಾಖವೇ ದೇಹದ 37 ಡಿಗ್ರಿಯನ್ನು ಸಮೀಪಿಸಿದಾಗ, ಶವ ತಣ್ಣಗಾದ ಪ್ರಮಾಣದಿಂದ ಮರಣಕಾಲವನ್ನು ಎಣಿಸುವ ವಿಧಾನ ನಿರರ್ಥಕವಾಗುವುದರಿಂದ, ಪರೀಕ್ಷಿಸಿದ ಗಂಟೆ, ಅಲ್ಲಿನ ಉಷ್ಣತೆ, ನೆರಳಿತ್ತೋ ಬಿಸಿಲಿತ್ತೋ ಎಂಬ ಸಂಗತಿಗಳನ್ನೂ ನಮೂದಿಸಲೇಬೇಕು.

ನೇಣಿನ ಪ್ರಸಂಗದಲ್ಲಿ ಜೀವವಿರುವ ಸಂಭವ ಕಿಂಚಿತ್ತಾದರೂ ಇದ್ದರೆ ಕೂಡಲೇ ಇಳಿಸುವುದೇ ಮೊದಲ ಧರ್ಮ. ಆಗಲೂ ಹಗ್ಗವನ್ನು ಗಂಟಿನಿಂದ ದೂರದಲ್ಲಿ ಕತ್ತರಿಸಿ ಗಂಟನ್ನು ಹಾಗೆಯೇ ಉಳಿಸಬೇಕು. ನೇಣಿನ ಗುರುತು ಸಾಮಾನ್ಯವಾಗಿ ಕತ್ತಿನ ಮೇಲ್ಭಾಗದಲ್ಲಿ ಓರೆಯಾಗಿ ಸಾಗಿ ಗಂಟಿನ ಬಳಿ ಮರೆಯಾಗುತ್ತದೆ. ಹಗ್ಗದಿಂದ ಬಿಗಿದು ಕೊಂದ ಗುರುತಾದರೋ ಕೆಳಗೆ, ಅಡ್ಡಲಾಗಿ, ಕತ್ತನ್ನು ಸುತ್ತುವರಿದಿರುತ್ತದೆ. ಬಾವಿಯಿಂದ ಎತ್ತಿದ ದೇಹದ ಬಾಯಿಮೂಗುಗಳಲ್ಲಿ ಕಾಣುವ ಸೂಕ್ಷ್ಮವಾದ ಬಿಳಿನೊರೆ, ಮುಷ್ಟಿಯಲ್ಲಿ ಬಿಗಿಹಿಡಿದ ಜೊಂಡು, ಇವು ಜೀವಂತವಾಗಿ ಮುಳುಗಿದ್ದನ್ನು ಸೂಚಿಸುತ್ತವೆ. ಆದರೆ ಬೀಳುವಾಗ ಬಂಡೆ ತಾಗಿದ ಗಾಯಕ್ಕೂ ಪೆಟ್ಟಿನ ಗಾಯಕ್ಕೂ ಭೇದ ತಿಳಿಯಬೇಕಾದರೆ ಬಾವಿಯ ಆಳ, ನೀರಿನ ಮಟ್ಟ, ಮೆಟ್ಟಿಲ ಕಲ್ಲುಗಳ ಸ್ಥಿತಿ ಇವೆಲ್ಲ ಪಂಚನಾಮೆಯಲ್ಲಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು, ಕಂಡದ್ದನ್ನೂ ಊಹಿಸಿದ್ದನ್ನೂ ಬೆರೆಸದಿರುವ ವಿವೇಕ. ‘ನೇಣಿನ ಗುರುತು’ ಎಂದು ಬರೆದೊಡನೆ ತೀರ್ಮಾನವೇ ಆಗಿಹೋಯಿತು. ‘ಎಡಗಿವಿಯ ಕೆಳಗೆ 3 ಸೆಂ.ಮೀ. ಅಂತರದಲ್ಲಿ ಓರೆಯಾದ ಕಂದು ಗೆರೆ, ಅಗಲ 1 ಸೆಂ.ಮೀ.’ ಎಂದರೆ ಮುಂದಿನ ಪರೀಕ್ಷಕರಿಗೆ ವಿಚಾರಮಾಡಲು ಆಸ್ಪದವಿರುತ್ತದೆ. ಮರಣದ ತೋರಿಕೆಯ ಕಾರಣವನ್ನು ಹೇಳೆಂದು ಕಾನೂನೇ ಕೇಳುವುದುಂಟು. ಅದು ಕೊನೆಯಲ್ಲಿ, ಅಭಿಪ್ರಾಯವೆಂದೇ ಬರಲಿ. 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಚಿತ್ರೀಕರಿಸಬೇಕೆಂದು ಹೊಸ ಸಂಹಿತೆ ವಿಧಿಸಿದೆಯಾದರೂ, ವಾಸನೆಯನ್ನೂ ಸ್ಪರ್ಶವನ್ನೂ ಕ್ಯಾಮೆರಾ ದಾಖಲಿಸಲಾರದು.

ಈ ಕಾಗದಕ್ಕೆ ರುಜು ಹಾಕುವ ಪಂಚರು ನಮ್ಮನಿಮ್ಮಂಥ ಗ್ರಾಮಸ್ಥರೇ. ದುಃಖದ ಗದ್ದಲದಲ್ಲಿ, ಸಂಸ್ಕಾರಕ್ಕೆ ಹೊತ್ತಾಯಿತೆಂಬ ಒತ್ತಾಯದಲ್ಲಿ, ಓದದೆ ರುಜು ಹಾಕುವುದು ಸುಲಭ. ಆದರೆ ವರ್ಷಗಳ ತರುವಾಯ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಅದಕ್ಕೆ ಉತ್ತರ ಕೊಡಬೇಕಾದವರು ಅವರೇ ಆದ್ದರಿಂದ, ಬರೆದುದನ್ನು ಓದಿಸಿ ಕೇಳಿ, ತಾವು ಕಾಣದುದನ್ನು ತೆಗೆಸಿ, ಕಂಡದ್ದು ಬಿಟ್ಟುಹೋಗಿದ್ದರೆ ಸೇರಿಸಿ, ಆಮೇಲೆ ರುಜು ಹಾಕುವುದು ಮೃತರಿಗೂ ಆಪಾದಿತರಿಗೂ ಸಮನಾಗಿ ಸಲ್ಲಬೇಕಾದ ನ್ಯಾಯ.