ಐವತ್ತು ವರ್ಷದ ಶ್ರುತಿ ಜಗಳ

ಮರ್ಲ್ ಟ್ರಾವಿಸ್ ಅಮೆರಿಕದ ಕಂಟ್ರಿ ಸಂಗೀತದ ದೊಡ್ಡ ಗಿಟಾರ್ ವಾದಕ. ಅವರ ಗಿಬ್ಸನ್ ಗಿಟಾರಿನಲ್ಲಿ ಡಾಕ್ ಕಾಫ್‌ಮನ್ ರೂಪಿಸಿದ ‘ವೈಬ್ರೋಲಾ’ ಇತ್ತು. ಅದರ ಸರಳನ್ನು ಅಲ್ಲಾಡಿಸಿದರೆ ಸ್ವರ ಸೊಗಸಾಗಿ ಓಲಾಡುತ್ತಿತ್ತು. ಕೈ ಬಿಟ್ಟರೆ ಮಾತ್ರ ಶ್ರುತಿ ಹಾಳು. ಕಾಫ್‌ಮನ್ ಈ ಸಾಧನದ ಪೇಟೆಂಟಿಗೆ ಅರ್ಜಿ ಹಾಕಿದ್ದು 1929ರಲ್ಲಿ. ತಂತಿಯನ್ನು ಸಡಿಲಿಸುವುದಕ್ಕೆ ಅಂದೇ ದಾರಿ ಸಿಕ್ಕಿತ್ತು. ಸಡಿಲಿಸಿದ್ದನ್ನು ಇದ್ದಲ್ಲಿಗೇ ತಂದು ನಿಲ್ಲಿಸುವುದಕ್ಕೆ ಇನ್ನೂ ಐವತ್ತು ವರ್ಷ ಬೇಕಾಯಿತು.

1950ರ ದಶಕದ ಆರಂಭದಲ್ಲಿ ಟ್ರಾವಿಸ್‌ಗೆ ಪರಿಹಾರ ಮಾಡಿಕೊಟ್ಟವರು ಪಾಲ್ ಬಿಗ್ಸ್‌ಬಿ. ಮೋಟಾರ್‌ಸೈಕಲ್ ಹುಚ್ಚಿನ, ಲೋಹದ ಕೆಲಸದಲ್ಲಿ ಪಳಗಿದ ಕೈ. ಎರಕದ ಅಲ್ಯೂಮಿನಿಯಂ ಚೌಕಟ್ಟು, ತಂತಿಗಳನ್ನು ಸುತ್ತಿಕೊಳ್ಳುವ ಒಂದು ದಂಡ, ಸರಳಿನ ಕೆಳಗೆ ಒಂದೇ ಒಂದು ಗಿಡ್ಡ ಸ್ಪ್ರಿಂಗ್. ಸ್ವರವನ್ನು ಮೆಲ್ಲಗೆ ತೂಗುವುದಕ್ಕೆ ಇದರಷ್ಟು ಹಿತವಾದದ್ದು ಇವತ್ತಿಗೂ ಇಲ್ಲ. ಅದಕ್ಕಿಂತ ಹೆಚ್ಚು ಕೇಳಿದರೆ ಅದು ಕೊಡುವುದಿಲ್ಲ.

ತೊಂದರೆಯ ಮೂಲ ಘರ್ಷಣೆ. ಸರಳು ಒತ್ತಿದಾಗ ತಂತಿ ಸಡಿಲಾಗಿ ಒಡಲಿನ ಮೇಲೆ ತಂತಿಗಳನ್ನು ಹೊರುವ ಬ್ರಿಜ್‌ನ ಮೇಲೂ ಕುತ್ತಿಗೆಯ ತುದಿಯ ನಟ್‌ನ ಗೀರಿನಲ್ಲೂ ಜಾರುತ್ತದೆ. ವಾಪಸು ಬರುವಾಗ ಗೀರು ಅದನ್ನು ಕೂದಲೆಳೆಯಷ್ಟು ಹಿಡಿದುಕೊಂಡರೂ ಸಾಕು, ಕಿವಿಗೆ ಗೊತ್ತಾಗುತ್ತದೆ. ಆ ಗೀರಿಗೆ ಪೆನ್ಸಿಲ್ ಸೀಸ ಉಜ್ಜುವ ವಾದಕರು ಈಗಲೂ ಇದ್ದಾರೆ.

ಗಿಟಾರ್ ತಯಾರಕ ಲಿಯೋ ಫೆಂಡರ್ ಹಿಂದೊಮ್ಮೆ ಇದೇ ಕಾಫ್‌ಮನ್ ಜತೆ ‘ಕೆ ಅಂಡ್ ಎಫ್’ ಎಂಬ ಕಂಪನಿ ನಡೆಸಿದ್ದವರು. ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ತಮ್ಮ ಸ್ಟ್ರಾಟೊಕ್ಯಾಸ್ಟರ್ ಗಿಟಾರಿಗೆಂದು ಮೊದಲು ಮಾಡಿದ, ಟ್ರೆಮೊಲೊ ಎಂಬ ಇಂಥದೇ ಸಾಧನದಲ್ಲಿ ನಾದ ಬಡಕಲಾಯಿತೆಂದು ಅದನ್ನು ಕೈಬಿಟ್ಟು ಮತ್ತೆ ಶುರುಮಾಡಿದರು. 1954ರಲ್ಲಿ ಹೊರಬಂದದ್ದರಲ್ಲಿ ಬ್ರಿಜ್ ಮತ್ತು ತಂತಿ ಕಟ್ಟುವ ಭಾಗ ಎರಡೂ ಒಂದೇ. ಆರು ತಿರುಪುಗಳ ಆಸರೆಯಲ್ಲಿ ಇಡೀ ಬ್ರಿಜ್ಜೇ ವಾಲುತ್ತದೆ. ಹಾಗಾಗಿ ಬ್ರಿಜ್‌ನ ಮೇಲೆ ತಂತಿ ಜಾರುವುದು ಬಹುಪಾಲು ತಪ್ಪಿತು. ಕೆಳಗೆ, ಮರದೊಳಗೆ ಇಳಿಬಿದ್ದ ಉಕ್ಕಿನ ಗಟ್ಟಿ ನಾದಕ್ಕೆ ತೂಕ ಕೊಟ್ಟಿತು. ಆರು ತಂತಿಗಳ ಒಟ್ಟು ಎಳೆತ ಸುಮಾರು 45 ಕಿಲೋ. ಅದಕ್ಕೆ ಎದುರಾಗಿ ಹಿಂಬದಿಯ ಗೂಡಿನಲ್ಲಿ ಐದರವರೆಗೂ ಸ್ಪ್ರಿಂಗ್‌ಗಳು ಜಗ್ಗುತ್ತವೆ. ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ಜಾಣ ವಿನ್ಯಾಸ ಇದೇ.

ಫೆಂಡರ್ ಊಹಿಸಿದ್ದು ಹದವಾದ ಕಂಪನವನ್ನು. ಬಂದವರು ಜಿಮಿ ಹೆಂಡ್ರಿಕ್ಸ್. 1969ರ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಅಮೆರಿಕದ ರಾಷ್ಟ್ರಗೀತೆ ನುಡಿಸುತ್ತ ಸರಳನ್ನು ಒತ್ತಿ ಒತ್ತಿ ಬಾಂಬಿನ ಸದ್ದನ್ನೇ ಹೊರಡಿಸಿದರು. ಅಷ್ಟು ದಂಡಿಸಿದರೆ ಯಾವ ನಟ್ ತಾನೇ ತಂತಿಯನ್ನು ಸರಿಯಾಗಿ ಮರಳಿಸೀತು?

ಆಭರಣದ ಕೆಲಸ ಬಲ್ಲ ಗಿಟಾರ್ ವಾದಕ ಫ್ಲಾಯ್ಡ್ ರೋಸ್ ಅವರ ಉತ್ತರ ಒರಟಾಗಿತ್ತು: ಜಾರುವುದೇ ತೊಂದರೆಯಾದರೆ, ಜಾರಲು ಬಿಡಬೇಡಿ. 1970ರ ದಶಕದ ನಡುವಿನಲ್ಲಿ ಅವರು ಹಿತ್ತಾಳೆಯ ನಟ್‌ನಲ್ಲಿ ತಂತಿಗಳನ್ನು ಬಿಗಿಯಾಗಿ ಕಚ್ಚಿಸಿದರು. ಬ್ರಿಜ್ ಕಡೆಯಲ್ಲೂ ಕಚ್ಚಿಸಿದರು. 1979ರಲ್ಲಿ ಪೇಟೆಂಟ್ ಬಂತು. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಮೊದಲ ಬಳಕೆದಾರರಲ್ಲಿ ಒಬ್ಬರು. ಎಂಬತ್ತರ ದಶಕದ ಮೆಟಲ್ ಸಂಗೀತಕ್ಕೆ ಇದಿಲ್ಲದೆ ನಡೆಯದು ಎಂಬಂತಾಯಿತು. ನಟ್ ಬೀಗ ಹಾಕಿದ ಮೇಲೆ ಬಿರಡೆ ತಿರುಗಿಸಿ ಪ್ರಯೋಜನವಿಲ್ಲವಲ್ಲ, ಅದಕ್ಕೇ ಬ್ರಿಜ್‌ನ ಮೇಲೆ ಪುಟ್ಟ ತಿರುಪುಗಳು ಬಂದವು.

ತಂತಿಯೇನೋ ಹೇಳಿದ ಮಾತು ಕೇಳತೊಡಗಿತು, ಆದರೆ ತಂತಿ ಬದಲಿಸುವುದು ಒಂದು ಸಂಜೆಯ ಕೆಲಸವಾಯಿತು. ತುದಿಯ ಗುಂಡನ್ನು ಕತ್ತರಿಸಬೇಕು, ಅಲೆನ್ ಕೀ ಹುಡುಕಬೇಕು, ಒಂದನ್ನು ಶ್ರುತಿ ಮಾಡಿದರೆ ಉಳಿದ ಐದು ಕದಲುತ್ತವೆ. ಕಛೇರಿಯ ನಡುವೆ ಒಂದು ತಂತಿ ಹರಿದರಂತೂ ಸ್ಪ್ರಿಂಗ್‌ಗಳ ಕೈ ಮೇಲಾಗಿ ಬ್ರಿಜ್ ಹಿಂದಕ್ಕೆ ವಾಲುತ್ತದೆ, ಮಿಕ್ಕ ತಂತಿಗಳೆಲ್ಲ ಮೇಲಕ್ಕೇರುತ್ತವೆ. ಹಾಡು ಅಲ್ಲಿಗೇ ಮುಗಿಯಿತು.

ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ಗೆ ಈ ತಾಪತ್ರಯವೇ ಇಲ್ಲ. ತಮ್ಮ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಐದೂ ಸ್ಪ್ರಿಂಗ್ ಹಾಕಿಸಿ, ಉಕ್ಕಿನ ಗಟ್ಟಿಯ ಪಕ್ಕಕ್ಕೆ ಒಂದು ಮರದ ತುಂಡು ತುರುಕಿಸಿ, ಟ್ರೆಮೊಲೊ ಅಲುಗದಂತೆ ಮಾಡಿಬಿಟ್ಟರು.